ಹೆಡ್ ಕೆಲಸವಾದ ಮೇಲೆ ಡೀಸೆಲ್ ಸ್ವಿಫ್ಟ್‌ನಲ್ಲಿ ಮಿಸ್ಸಿಂಗ್: ಮತ್ತೆ ಬಿಚ್ಚಿಸುವ ಮೊದಲು ಏನೇನು ನೋಡಬೇಕು?

ತುಂಗಾತೀರ, ಶಿವಮೊಗ್ಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಡೀಸೆಲ್ ಸ್ವಿಫ್ಟ್. 1248 ಸಿಸಿಯ, 75 ಪಿಎಸ್‌ನ ಮಲ್ಟಿಜೆಟ್ ಎಂಜಿನ್. ಮೀಟರ್ 1,40,000 ಕಿಲೋಮೀಟರ್ ದಾಟಿದೆ. ಆಗುಂಬೆ ಘಾಟಿ ಹತ್ತುವಾಗ ರೇಡಿಯೇಟರ್‌ನ ಮೇಲಿನ ಹೋಸ್ ಸೀಳಿ, ನೀರೆಲ್ಲ ಸೋರಿಹೋಗಿ ಎಂಜಿನ್ ವಿಪರೀತ ಕಾದಿತು. ಗಾಡಿಯನ್ನು ಎಳೆಸಿಕೊಂಡು ಬಂದು ಊರಿನ ಒಂದು ಗ್ಯಾರೇಜಿಗೆ ಬಿಟ್ಟೆ. ಹೆಡ್ ಪ್ಯಾಕಿಂಗ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್) ಹೋಗಿತ್ತು. ಅವರು ಹೆಡ್ ಇಳಿಸಿ ಲೇಥ್‌ಗೆ ಕಳುಹಿಸಿ ಫೇಸಿಂಗ್ ಮಾಡಿಸಿದರು, ವಾಲ್ವ್ ಲ್ಯಾಪಿಂಗ್ ಮಾಡಿಸಿದರು, ಹೊಸ ಪ್ಯಾಕಿಂಗ್ ಮತ್ತು ಹೊಸ ಹೆಡ್ ಬೋಲ್ಟ್ ಹಾಕಿದರು. ಹೇಗೂ ಬಿಚ್ಚಿದ್ದೇವೆ ಎಂದು ಟೈಮಿಂಗ್ ಚೈನ್ ಕಿಟ್ ಮತ್ತು ಡೀಸೆಲ್ ಫಿಲ್ಟರ್ ಕೂಡ ಬದಲಾಯಿಸಿದರು. ನಾಲ್ಕೂ ನಾಜಲ್‌ಗಳನ್ನು (ಡೀಸೆಲ್ ಚಿಮ್ಮುವ ಇಂಜೆಕ್ಟರ್‌ಗಳನ್ನು) ತೆಗೆದು, ಒರೆಸಿ, ಹೊಸ ತಾಮ್ರದ ವಾಷರ್ ಹಾಕಿ ಕೂರಿಸಿದ್ದೇವೆ ಎಂದು ಹೇಳಿದ್ದಾರೆ. ಪಿಸ್ಟನ್, ರಿಂಗ್, ಬೋರ್ ಯಾವುದನ್ನೂ ಮುಟ್ಟಿಲ್ಲ.

ಗಾಡಿ ಕೈಗೆ ಬಂದಾಗಿನಿಂದ ಎಂಜಿನ್ ಮೊದಲಿನ ಹಾಗಿಲ್ಲ. ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಗುತ್ತದೆ, ಆದರೆ ಐಡ್ಲಿಂಗ್‌ನಲ್ಲಿ ಟ್ರ್ಯಾಕ್ಟರ್‌ನಂತೆ ನಡುಗುತ್ತದೆ. ಗೇರ್ ಲಿವರ್ ಮತ್ತು ಒಳಗಿನ ಕನ್ನಡಿ ಅಲುಗಾಡುವುದು ಕಣ್ಣಿಗೇ ಕಾಣುತ್ತದೆ. ಒಂದೇ ಲಯದಲ್ಲಿ ಬರುವ ‘ಟಕ್ ಟಕ್’ ಬಡಿತವಿದೆ. ಬೆಳಗಿನ ಹೊತ್ತು ಸೈಲೆನ್ಸರ್‌ನಿಂದ ಬಿಳಿ ಬೂದು ಬಣ್ಣದ ಹೊಗೆ ಬರುತ್ತದೆ, ಹಿಂದೆ ನಿಂತರೆ ಕಣ್ಣು ಉರಿಯುತ್ತದೆ. ಎಂಜಿನ್ ಬಿಸಿಯಾದ ಮೇಲೆ ಹೊಗೆ ಕಡಿಮೆಯಾದರೂ ಪೂರ್ತಿ ನಿಲ್ಲುವುದಿಲ್ಲ. 2000 ಆರ್‌ಪಿಎಂ ದಾಟಿದರೆ ನಡುಕ ಬಹುತೇಕ ಗೊತ್ತಾಗುವುದಿಲ್ಲ, ಪಿಕಪ್ ಮಾತ್ರ ಸ್ವಲ್ಪ ಮಂದವಾಗಿದೆ. ಚೆಕ್ ಲೈಟ್ ಬಂದಿಲ್ಲ. ಕೂಲಂಟ್ ಕಡಿಮೆಯಾಗುತ್ತಿಲ್ಲ, ಟೆಂಪರೇಚರ್ ಮುಳ್ಳು ಸರಿಯಾಗಿಯೇ ನಿಲ್ಲುತ್ತದೆ.

ಗ್ಯಾರೇಜಿನ ಮೇಸ್ತ್ರಿ ಮೊದಲು “ಹೊಸ ಕೆಲಸ, ಓಡುತ್ತಾ ಓಡುತ್ತಾ ಸೆಟ್ ಆಗುತ್ತದೆ” ಎಂದರು. ಈಗ ನಾಲ್ಕೂ ನಾಜಲ್ ಹೊಸದು ಹಾಕಬೇಕು ಎನ್ನುತ್ತಿದ್ದಾರೆ. ಅಷ್ಟು ಹಣ ಸುರಿಯುವ ಮೊದಲು, ದೋಷ ನಿಜವಾಗಿ ಎಲ್ಲಿದೆಯೆಂದು ಕ್ರಮವಾಗಿ ಕಂಡುಹಿಡಿಯುವ ದಾರಿ ಇದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಬಯಲುಸೀಮೆ, ಚಿತ್ರದುರ್ಗ

ಸರ್, “ಸೆಟ್ ಆಗುತ್ತದೆ” ಎಂಬ ಮಾತನ್ನು ಮೊದಲು ಪಕ್ಕಕ್ಕಿಡಿ. ಹೊಸ ರಿಂಗ್ ಹಾಕಿದ್ದರೆ ಅವು ಬೋರ್‌ಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಕಾಲ ಬೇಕು ಎನ್ನಬಹುದಿತ್ತು. ನಿಮ್ಮಲ್ಲಿ ರಿಂಗನ್ನೇ ಮುಟ್ಟಿಲ್ಲ. ಪ್ಯಾಕಿಂಗ್, ಚೈನ್, ಫಿಲ್ಟರ್ ಇವು ಯಾವುವೂ ಓಡಿಸುತ್ತಾ ಸರಿಹೋಗುವ ವಸ್ತುಗಳಲ್ಲ; ಹಾಕಿದ ದಿನವೇ ಸರಿಯಿರಬೇಕು.

ಕೆಲಸಕ್ಕೆ ಬಿಡುವ ಮೊದಲು ನಯವಾಗಿದ್ದ ಎಂಜಿನ್ ಕೆಲಸದ ನಂತರ ಒರಟಾಗಿದೆಯೆಂದರೆ, ಕೈ ಬಿದ್ದ ಜಾಗಗಳನ್ನೇ ಮೊದಲು ನೋಡಬೇಕು, ಅದರಲ್ಲೂ ಬಿಚ್ಚದೆ ನೋಡಬಹುದಾದವನ್ನು. ಹೆಡ್ ಇಳಿಸಲು ಇಂಟೇಕ್ ಹೋಸ್‌ಗಳು, ಟರ್ಬೋ ಪೈಪ್, ಸೆನ್ಸರ್ ಕನೆಕ್ಟರ್‌ಗಳು, ಅರ್ಥ್ ವೈರ್, ಚೈನ್ ಬದಿಯ ಎಂಜಿನ್ ಮೌಂಟ್ ಎಲ್ಲವನ್ನೂ ಬಿಚ್ಚಿರುತ್ತಾರೆ. ಬಾನೆಟ್ ತೆಗೆದು ಟಾರ್ಚ್ ಹಿಡಿದು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ. ಕನೆಕ್ಟರ್ ಪೂರ್ತಿ ಒಳಗೆ ಹೋಗಿ ಲಾಕ್ ಆಗಿದೆಯೇ, ಅರ್ಥ್ ವೈರಿನ ಬೋಲ್ಟ್ ಬಿಗಿಯಾಗಿದೆಯೇ, ಕ್ಲಿಪ್ ಹಾಕದೆ ಬಿಟ್ಟ ಹೋಸ್ ಏನಾದರೂ ಇದೆಯೇ ಎಂಬುದಕ್ಕೆ ಯಾವ ಉಪಕರಣವೂ ಬೇಕಾಗುವುದಿಲ್ಲ.

ನಡುಕ ಬೇರೆ, ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದು) ಬೇರೆ ಎಂಬುದನ್ನೂ ಬಿಡಿಸಿಕೊಳ್ಳಬೇಕು. ಎಂಜಿನ್ ಮೌಂಟನ್ನು ಗಾಡಿ ಜಾಕ್ ಮೇಲಿದ್ದಾಗ ಎಳೆದು ಬಿಗಿದಿದ್ದರೆ ರಬ್ಬರ್ ತಿರುಚಿಕೊಂಡು ನಿಂತು, ಎಂಜಿನ್ ಸರಿಯಾಗಿ ಓಡುತ್ತಿದ್ದರೂ ಬಾಡಿಯೆಲ್ಲ ನಡುಗುತ್ತದೆ. ಆಗ ಆರ್‌ಪಿಎಂ ಮುಳ್ಳು ಅಲುಗುವುದಿಲ್ಲ, ಹೊಗೆಯೂ ಇರುವುದಿಲ್ಲ. ನಿಮಗೆ ಹೊಗೆ ಮತ್ತು ಬಡಿತ ಎರಡೂ ಇರುವುದರಿಂದ ಇದು ಬರೀ ಮೌಂಟಿನ ವಿಷಯವಲ್ಲವೆಂದು ನನ್ನ ಅನಿಸಿಕೆ, ಆದರೂ ಅದನ್ನು ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಡೀಸೆಲ್ ಲೈನ್‌ನಲ್ಲಿ ಏರ್ ಹಿಡಿದಿದ್ದರೂ ಹೀಗೆಯೇ ಆಗುವುದುಂಟು. ಫಿಲ್ಟರ್ ಬದಲಾಯಿಸಿದಾಗ ಅದರ ರಬ್ಬರ್ ರಿಂಗ್ ಮಡಚಿಕೊಂಡರೆ ಅಥವಾ ನಾಜಲ್‌ಗಳ ತಲೆಯ ಮೇಲಿನ ರಿಟರ್ನ್ ಪೈಪಿನ ಕ್ಲಿಪ್ ಸರಿಯಾಗಿ ಕೂರದಿದ್ದರೆ ಹೊರಗೆ ಡೀಸೆಲ್ ಸೋರದೆಯೇ ಒಳಗೆ ಗಾಳಿ ಸೇರುತ್ತದೆ. ಫಿಲ್ಟರ್‌ನಿಂದ ಹೈ ಪ್ರೆಶರ್ ಪಂಪಿಗೆ ಹೋಗುವ ಪೈಪಿನ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬಿನ ಒಂದು ತುಂಡನ್ನು ಸೇರಿಸಿ ಎಂಜಿನ್ ಓಡಿಸಿದರೆ ಗುಳ್ಳೆ ಕಾಣುತ್ತದೆಯೋ ಇಲ್ಲವೋ ತಿಳಿಯುತ್ತದೆ. ಆದರೆ ಏರ್ ಹಿಡಿದ ಎಂಜಿನ್ ಸಾಮಾನ್ಯವಾಗಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ನಿಮ್ಮದು ಒಂದೇ ಸೆಲ್ಫ್‌ಗೆ ಏಳುತ್ತದೆ ಎಂದಿದ್ದೀರಿ.

ಹೊಗೆಯ ವಿಷಯದಲ್ಲಿ ಒಂದು ಮಾತು. ಕಣ್ಣು ಉರಿಸುವ ಬಿಳಿ ಹೊಗೆ ಎಂದರೆ ಉರಿಯದೆ ಹೊರಬಂದ ಡೀಸೆಲ್. ಕೂಲಂಟ್ ಉರಿದರೂ ಬಿಳಿ ಹೊಗೆಯೇ ಬರುತ್ತದೆ, ಆದರೆ ಅದು ಸ್ವಲ್ಪ ಸಿಹಿ ವಾಸನೆಯದು, ಹಬೆಯ ಹಾಗೆ ಬೇಗ ಕರಗುತ್ತದೆ, ಜೊತೆಗೆ ಕೂಲಂಟ್ ಕಡಿಮೆಯಾಗುತ್ತಾ ಬರುತ್ತದೆ. ನೀವು ಕೊಟ್ಟ ವಿವರ ಮೊದಲನೆಯದಕ್ಕೆ ಹೊಂದುತ್ತದೆ. ಹಾಗಾಗಿ ಪ್ಯಾಕಿಂಗ್ ಮತ್ತೆ ಹೋಗಿದೆಯೆಂದು ಹೆದರಬೇಡಿ.

ಕಡಲತಡಿ, ಕುಂದಾಪುರ

ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳುಹಿಸುವ ವಾಲ್ವ್) ತೆಗೆದು ಸ್ವಚ್ಛ ಮಾಡಿಸಿ, ಟ್ಯಾಂಕಿಗೆ ಒಂದು ಬಾಟಲಿ ಇಂಜೆಕ್ಟರ್ ಕ್ಲೀನರ್ ಹಾಕಿ ಹೆದ್ದಾರಿಯಲ್ಲಿ ಸ್ವಲ್ಪ ಜೋರಾಗಿ ಓಡಿಸಿ ನೋಡಿ. ನನ್ನ ಗಾಡಿಯಲ್ಲಿ ಐಡ್ಲಿಂಗ್ ಏರಿಳಿಯುತ್ತಿದ್ದುದು ಅದರಿಂದಲೇ ಸರಿಹೋಯಿತು.

ಪಂಪ್‌ರೂಮ್, ಹುಬ್ಬಳ್ಳಿ

ನಾನು ಡೀಸೆಲ್ ಪಂಪ್ ಮತ್ತು ನಾಜಲ್ ಕೆಲಸದಲ್ಲಿರುವವನು. ಬಯಲುಸೀಮೆಯವರು ಹೇಳಿದ ಕ್ರಮ ಸರಿಯಾಗಿದೆ. ಇಜಿಆರ್ ಬಗ್ಗೆ ಹೇಳಿದ ಮಿತ್ರರ ಮಾತು ಬೇರೆ ಸಂದರ್ಭಕ್ಕೆ ಸರಿ. ಇಜಿಆರ್ ತೆರೆದುಕೊಂಡೇ ನಿಂತರೆ ನಾಲ್ಕೂ ಸಿಲಿಂಡರ್‌ಗಳಿಗೆ ಒಟ್ಟಿಗೆ ಹೊಗೆ ಮಿಶ್ರಿತ ಗಾಳಿ ಹೋಗುತ್ತದೆ, ಎಂಜಿನ್ ಒಟ್ಟಾರೆ ಮಂಕಾಗಿ ಕಪ್ಪು ಹೊಗೆ ಬಿಡುತ್ತದೆ. ಒಂದೇ ಲಯದಲ್ಲಿ ಬಡಿಯುವ ‘ಟಕ್ ಟಕ್’ ಹಾಗಲ್ಲ. ಅದು ಯಾವುದೋ ಒಂದು ಸಿಲಿಂಡರ್ ತನ್ನ ಪಾಲಿನ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು.

ಈ ಭೇದವೇ ಮುಖ್ಯ. ಟೈಮಿಂಗ್ ಚೈನ್ ಒಂದು ಹಲ್ಲು ತಪ್ಪಿದ್ದರೆ ಅದರ ಪರಿಣಾಮವೂ ನಾಲ್ಕೂ ಸಿಲಿಂಡರ್‌ಗಳ ಮೇಲೆ ಸಮನಾಗಿ ಬೀಳುತ್ತದೆ. ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಪಿಕಪ್ ಬಹಳ ಬೀಳುತ್ತದೆ, ಬಹುಮಟ್ಟಿಗೆ ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದುತ್ತಿಲ್ಲವೆಂಬ ಪಿ0016 ಕೋಡ್ ಬರುತ್ತದೆ. ಮಲ್ಟಿಜೆಟ್‌ನಲ್ಲಿ ಚೈನ್ ಕೂರಿಸುವಾಗ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಲಾಕಿಂಗ್ ಪಿನ್‌ಗಳಿಂದ ಹಿಡಿದು ನಿಲ್ಲಿಸಬೇಕು. ಪೇಂಟಿನ ಗುರುತು ಹಾಕಿಕೊಂಡು ಅಂದಾಜಿನ ಮೇಲೆ ಕೂರಿಸುವವರೂ ಇದ್ದಾರೆ. ನಿಮ್ಮ ಮೇಸ್ತ್ರಿಯವರ ಬಳಿ ಆ ಪಿನ್‌ಗಳಿವೆಯೇ ಎಂದು ವಿನಯದಿಂದಲೇ ಕೇಳಿ. ಇವೆಯೆಂದರೆ ಟೈಮಿಂಗ್ ಮೇಲಿನ ಅನುಮಾನವನ್ನು ಸದ್ಯಕ್ಕೆ ಬಿಡಬಹುದು.

ಈಗ ಸ್ಕ್ಯಾನರ್ ಹಾಕಿಸಿ. ಚೆಕ್ ಲೈಟ್ ಬಂದಿಲ್ಲವಲ್ಲ, ಸ್ಕ್ಯಾನರ್ ಯಾಕೆ ಎನ್ನಬೇಡಿ. ಕೋಡ್ ಓದಿ ಮುಚ್ಚಿಡುವ ಅಗ್ಗದ ಬ್ಲೂಟೂತ್ ಉಪಕರಣ ಸಾಲದು; ಲೈವ್ ಡೇಟಾದಲ್ಲಿ ಪ್ರತಿ ಸಿಲಿಂಡರಿನ ಇಂಜೆಕ್ಷನ್ ಕರೆಕ್ಷನ್ ತೋರಿಸುವ ಸ್ಕ್ಯಾನರ್ ಬೇಕು. ನಿಮ್ಮದರಂಥ ಕಾಮನ್ ರೈಲ್ ಎಂಜಿನ್ (ನಾಲ್ಕೂ ನಾಜಲ್‌ಗಳಿಗೆ ‘ರೈಲ್’ ಎಂಬ ಒಂದೇ ಹೈ ಪ್ರೆಶರ್ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು) ಐಡ್ಲಿಂಗ್‌ನಲ್ಲಿ ಸಮನಾಗಿ ತಿರುಗಲೆಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್ ಎಷ್ಟು ವೇಗ ಪಡೆಯಿತೆಂದು ಅಳೆದು, ಸೋತ ಸಿಲಿಂಡರಿಗೆ ಸ್ವಲ್ಪ ಹೆಚ್ಚು, ಮುಂದಿರುವುದಕ್ಕೆ ಸ್ವಲ್ಪ ಕಡಿಮೆ ಡೀಸೆಲ್ ಕೊಡುತ್ತಿರುತ್ತದೆ. ಆ ಹೆಚ್ಚು ಕಡಿಮೆಯನ್ನು ಸ್ಟ್ರೋಕ್ ಒಂದಕ್ಕೆ ಇಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಆರೋಗ್ಯವಾಗಿರುವ ಎಂಜಿನ್‌ನಲ್ಲಿ ಅದು ಒಂದರ ಆಸುಪಾಸಿನಲ್ಲಿ ಇರುತ್ತದೆ, ಎರಡು ದಾಟಿದರೆ ಗಮನಿಸಬೇಕು, ಮೂರು ದಾಟಿದರೆ ಆ ಸಿಲಿಂಡರನ್ನು ಹಿಡಿದು ವಿಚಾರಿಸಬೇಕು. ವೇಗ ಹೆಚ್ಚಿದಾಗ ಉರಿತಗಳ ನಡುವಿನ ಅಂತರ ಕಡಿಮೆಯಾಗುವುದರಿಂದ ಒರಟುತನ ಮುಚ್ಚಿಹೋಗುತ್ತದೆ. ನಿಮಗೆ 2000 ಆರ್‌ಪಿಎಂ ಮೇಲೆ ನಡುಕ ಗೊತ್ತಾಗದಿರುವುದಕ್ಕೆ ಇದೇ ಕಾರಣ, ಕಾಯಿಲೆ ವಾಸಿಯಾಗಿರುವುದಿಲ್ಲ.

ಎರಡನೆಯದು ನಾಜಲ್ ಕೋಡ್. ಪ್ರತಿ ಇಂಜೆಕ್ಟರ್ ತಯಾರಾದಾಗ ಅದು ನಿಖರವಾಗಿ ಎಷ್ಟು ಡೀಸೆಲ್ ಚಿಮ್ಮುತ್ತದೆಂದು ಕಾರ್ಖಾನೆಯಲ್ಲಿ ಅಳೆದು, ಆ ಅಳತೆಯನ್ನು ಅಕ್ಷರ ಅಂಕಿಗಳ ಸಂಕೇತವಾಗಿ ಅದರ ತಲೆಯ ಮೇಲೆ ಕೊರೆದಿರುತ್ತಾರೆ. ಯಾವ ಸಿಲಿಂಡರಿನಲ್ಲಿ ಯಾವ ಸಂಕೇತದ ಇಂಜೆಕ್ಟರ್ ಇದೆಯೆಂದು ಇಸಿಯುಗೆ ಬರೆದಿರಬೇಕು. ಹೆಡ್ ಕೆಲಸದಲ್ಲಿ ನಾಲ್ಕನ್ನೂ ತೆಗೆದು ಟ್ರೇನಲ್ಲಿ ಹಾಕಿ, ಮತ್ತೆ ಕೈಗೆ ಸಿಕ್ಕ ಕ್ರಮದಲ್ಲಿ ಹಾಕುವುದು ಗ್ಯಾರೇಜುಗಳಲ್ಲಿ ದಿನನಿತ್ಯದ ಸಂಗತಿ. ಇಂಜೆಕ್ಟರ್ ಚೆನ್ನಾಗಿಯೇ ಇರುತ್ತದೆ, ಆದರೆ ಪಕ್ಕದವನ ಲೆಕ್ಕದಲ್ಲಿ ಡೀಸೆಲ್ ಪಡೆಯುತ್ತಿರುತ್ತದೆ. ಎಂಜಿನ್ ಮೇಲಿನ ಕವರ್ ತೆಗೆದು, ನಾಲ್ಕೂ ಸಂಕೇತಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಸ್ಕ್ಯಾನರ್ ತೋರಿಸುವುದರೊಂದಿಗೆ ಒಂದೊಂದು ಅಕ್ಷರವನ್ನೂ ತಾಳೆ ಹಾಕಿ.

ಅದಾದ ಮೇಲೆ ರಿಟರ್ನ್ ಟೆಸ್ಟ್. ನಾಲ್ಕೂ ನಾಜಲ್‌ಗಳ ರಿಟರ್ನ್ ಪೈಪ್ ಕಳಚಿ, ಅಳತೆಯ ಗೆರೆಗಳಿರುವ ನಾಲ್ಕು ಸಣ್ಣ ಬಾಟಲಿಗಳಿಗೆ ಟ್ಯೂಬ್ ಬಿಟ್ಟು ಎಂಜಿನ್ ಓಡಿಸಿ. ಮೂರರಲ್ಲಿ ಒಂದೇ ಮಟ್ಟ ಬಂದು ಒಂದರಲ್ಲಿ ಅದರ ಎರಡು ಮೂರು ಪಟ್ಟು ಬಂದರೆ ಆ ನಾಜಲ್ ಒಳಗೆ ಸೋರುತ್ತಿದೆ ಎಂದರ್ಥ. ಇಷ್ಟು ಮಾಡದೆ ನಾಲ್ಕೂ ನಾಜಲ್ ಹೊಸದು ಹಾಕಿ ಎನ್ನುವುದು ನ್ಯಾಯವಲ್ಲ.

ಒಂದು ಎಚ್ಚರಿಕೆ ಕೊಡದೆ ಈ ಉತ್ತರ ಮುಗಿಸಲಾರೆ. ಹಳೆಯ ಅಂಬಾಸಿಡರ್ ಡೀಸೆಲ್, ಜೀಪ್, ಲಾರಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ ಸಡಿಲಿಸಿ, ಯಾವುದನ್ನು ಸಡಿಲಿಸಿದರೆ ಶಬ್ದ ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್ ಎಂದು ಹಿಡಿಯುತ್ತಿದ್ದರು. ಅಭ್ಯಾಸಬಲದಿಂದ ಕಾಮನ್ ರೈಲ್‌ನಲ್ಲೂ ಹಾಗೆ ಮಾಡುವವರನ್ನು ಕಂಡಿದ್ದೇನೆ. ಐಡ್ಲಿಂಗ್‌ನಲ್ಲೇ ಈ ರೈಲಿನಲ್ಲಿ ಸುಮಾರು 250ರಿಂದ 350 ಬಾರ್ ಒತ್ತಡವಿರುತ್ತದೆ, ಎಕ್ಸಿಲರೇಟರ್ ಒತ್ತಿದರೆ ಸಾವಿರ ದಾಟುತ್ತದೆ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಮಾಂಸದೊಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಂಡರೂ ಒಳಗೆ ಬೆರಳು ಕಳೆದುಕೊಳ್ಳುವಷ್ಟು ಹಾನಿಯಾಗುತ್ತದೆ. ಸಿಲಿಂಡರ್ ಕಟ್ ಮಾಡಿ ನೋಡಬೇಕಿದ್ದರೆ ಸ್ಕ್ಯಾನರ್‌ನ ಮೂಲಕವೇ ಮಾಡಿಸಿ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಹೇಳಿದ ಕ್ರಮದಲ್ಲೇ ಒಂದೊಂದನ್ನೂ ನೋಡಿಸಿದೆ.

ಕನೆಕ್ಟರ್, ಅರ್ಥ್, ಹೋಸ್ ಎಲ್ಲವೂ ಸರಿಯಾಗಿವೆ. ಮೌಂಟಿನ ಬೋಲ್ಟ್ ಸಡಿಲಿಸಿ, ಎಂಜಿನನ್ನು ತನ್ನ ಜಾಗಕ್ಕೆ ಕೂರಲು ಬಿಟ್ಟು ಮತ್ತೆ ಬಿಗಿಸಿದೆವು, ವ್ಯತ್ಯಾಸ ಬರಲಿಲ್ಲ. ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆ ಕಾಣಲಿಲ್ಲ. ಟೈಮಿಂಗ್ ಪಿನ್‌ಗಳ ಬಗ್ಗೆ ಕೇಳಿದಾಗ ಮೇಸ್ತ್ರಿ ಡಬ್ಬಿ ತೆಗೆದು ತೋರಿಸಿದರು.

ಸ್ಕ್ಯಾನರ್‌ಗಾಗಿ ಬೇರೆಯವರ ಬಳಿ ಹೋಗಬೇಕಾಯಿತು. ಯಾವ ಕೋಡೂ ಇರಲಿಲ್ಲ. ಕರೆಕ್ಷನ್ ಹೀಗಿತ್ತು: ಒಂದನೇ ಸಿಲಿಂಡರ್ ಮೈನಸ್ 2.1, ಎರಡನೆಯದು ಪ್ಲಸ್ 3.9, ಮೂರನೆಯದು ಪ್ಲಸ್ 1.4, ನಾಲ್ಕನೆಯದು ಮೈನಸ್ 3.2. ನಾಜಲ್ ತಲೆಯ ಸಂಕೇತಗಳನ್ನು ತಾಳೆ ನೋಡಿದರೆ, ಒಂದು ಮತ್ತು ಮೂರರ ನಾಜಲ್‌ಗಳು ನಿಜವಾಗಿಯೂ ಅದಲು ಬದಲಾಗಿದ್ದವು! ಸಂಕೇತಗಳನ್ನು ಸರಿಯಾಗಿ ಬರೆಸಿದ ಮೇಲೆ ಒಂದನೆಯದು ಮೈನಸ್ 1.2ಕ್ಕೂ ಮೂರನೆಯದು ಮೈನಸ್ 0.9ಕ್ಕೂ ಬಂದವು, ನಾಲ್ಕನೆಯದು ಮೈನಸ್ 1.3. ಆದರೆ ಎರಡನೆಯದು ಪ್ಲಸ್ 3.4ರಲ್ಲೇ ನಿಂತಿದೆ. ನಡುಕ ಸ್ವಲ್ಪ ತಗ್ಗಿದೆ. ಬಡಿತ ಮತ್ತು ಬೆಳಗಿನ ಹೊಗೆ ಹಾಗೆಯೇ ಇವೆ. ರಿಟರ್ನ್ ಟೆಸ್ಟಿನಲ್ಲಿ ನಾಲ್ಕು ಬಾಟಲಿಗಳ ಮಟ್ಟ ಹೆಚ್ಚು ಕಡಿಮೆ ಒಂದೇ.

ಆಮೇಲೆ ಎರಡು ಮತ್ತು ನಾಲ್ಕನೇ ನಾಜಲ್‌ಗಳನ್ನು ಅದಲು ಬದಲು ಮಾಡಿ, ಸಂಕೇತಗಳನ್ನೂ ಅದರಂತೆ ಬರೆಸಿದೆವು. ಆಗಲೂ ಎರಡನೇ ಸಿಲಿಂಡರೇ ಪ್ಲಸ್ 3.3 ತೋರಿಸುತ್ತಿದೆ. “ನಾಜಲ್ ದೋಷವಲ್ಲ ಎಂದಾಯಿತಲ್ಲ, ಹಾಗಾದರೆ ಎರಡನೆಯದರಲ್ಲಿ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ) ಇಲ್ಲ, ಹೆಡ್ ಮತ್ತೆ ಇಳಿಸಬೇಕು” ಎಂದು ಮೇಸ್ತ್ರಿ ಹೇಳುತ್ತಿದ್ದಾರೆ. ಒಪ್ಪಬೇಕೇ?

ಕಾಫಿಸೀಮೆ, ಚಿಕ್ಕಮಗಳೂರು

ಮೇಸ್ತ್ರಿಯವರ ಊಹೆ ಅಸಾಧ್ಯವೇನಲ್ಲ. ವಾಲ್ವ್ ಲ್ಯಾಪಿಂಗ್ ಮಾಡಿದ ಮೇಲೆ ಒಂದು ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದಿದ್ದರೆ ಆ ಸಿಲಿಂಡರಿನ ಒತ್ತಡ ಸೋರುತ್ತದೆ. ಈ ಎಂಜಿನ್‌ನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇರುವುದರಿಂದ ಕ್ಲಿಯರೆನ್ಸ್ ಹೊಂದಿಸುವ ಕೆಲಸವಿಲ್ಲ, ಆದರೆ ಕ್ಯಾಮ್ ಕೂರಿಸುವಾಗ ರಾಕರ್ ಆರ್ಮ್ ಒಂದು ಜಾರಿ ಪಕ್ಕಕ್ಕೆ ನಿಂತರೆ ಆ ವಾಲ್ವ್ ತೆರೆಯುವುದೇ ಇಲ್ಲ. ಹಾಗಾದಾಗ ಆರ್‌ಪಿಎಂ ಏರಿಸಿದರೂ ಆ ಸಿಲಿಂಡರ್ ಸೋತೇ ಇರುತ್ತದೆ, ನಿಮ್ಮದರ ಹಾಗೆ ಮೇಲೆ ನಯವಾಗುವುದಿಲ್ಲ.

ಆದರೆ ಕಂಪ್ರೆಷನ್ ಇಲ್ಲ ಎನ್ನುವುದನ್ನು ಬಾಯಿಮಾತಿನಲ್ಲಿ ಹೇಳುವುದೇಕೆ, ಅಳೆಯಬಹುದಲ್ಲ. ಹೆಡ್ ಇಳಿಸದೆಯೇ ಗ್ಲೋ ಪ್ಲಗ್ (ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರನ್ನು ಬಿಸಿ ಮಾಡುವ ಪ್ಲಗ್) ತೆಗೆದು ಆ ತೂತಿಗೆ ಅಡಾಪ್ಟರ್ ಹಾಕಿ ಗೇಜ್ ಕೂರಿಸುತ್ತಾರೆ. ಪೆಟ್ರೋಲ್ ಎಂಜಿನ್ನಿನ ಗೇಜ್ ತಂದರೆ ಮುಳ್ಳು ಮುರಿದುಹೋದೀತು, ಡೀಸೆಲ್‌ಗೆಂದೇ ಇರುವುದನ್ನು ತರಿಸಿ. ನಾಲ್ಕೂ ಗ್ಲೋ ಪ್ಲಗ್ ತೆಗೆದು, ಡೀಸೆಲ್ ಚಿಮ್ಮದಂತೆ ನಾಜಲ್ ಕನೆಕ್ಟರ್‌ಗಳನ್ನು ಕಳಚಿ, ಬ್ಯಾಟರಿ ಪೂರ್ತಿ ಚಾರ್ಜ್ ಇರುವಂತೆ ನೋಡಿಕೊಂಡು ಸೆಲ್ಫ್ ಹೊಡೆಯಬೇಕು. ಇಷ್ಟೇ ಬರಬೇಕು ಎಂಬ ಅಂಕಿಗಿಂತ ನಾಲ್ಕರ ನಡುವಿನ ಅಂತರ ಮುಖ್ಯ. ಒಂದು ಮಾತ್ರ ಉಳಿದವುಗಳಿಗಿಂತ 50 ಪಿಎಸ್‌ಐಗೂ ಹೆಚ್ಚು ಕೆಳಗೆ ನಿಂತರೆ ಆಗ ಹೆಡ್ಡಿನ ಮಾತು ಆಡೋಣ. ಹಳೆಯ ಗ್ಲೋ ಪ್ಲಗ್‌ಗಳು ಹೆಡ್ಡಿನಲ್ಲೇ ಮುರಿಯುವ ಸ್ವಭಾವದವು. ನಿಮ್ಮ ಹೆಡ್ ಈಗಷ್ಟೇ ಇಳಿದು ಹತ್ತಿರುವುದರಿಂದ ಸುಲಭವಾಗಿ ಬರಬಹುದು, ಆದರೂ ಎಂಜಿನ್ ಬಿಸಿಯಿರುವಾಗ ನಿಧಾನವಾಗಿ ತೆಗೆಯಲು ಹೇಳಿ.

ಪಂಪ್‌ರೂಮ್, ಹುಬ್ಬಳ್ಳಿ

ತುಂಗಾತೀರರೇ, ನೀವು ಅಂಕಿಗಳ ಸಮೇತ ಬರೆದದ್ದರಿಂದ ದಾರಿ ಬಹಳ ಸುಲಭವಾಯಿತು. ಎರಡು ದೋಷಗಳು ಒಟ್ಟಿಗೆ ಇದ್ದವು. ಒಂದು ಸಂಕೇತಗಳದ್ದು, ಅದು ಮುಗಿಯಿತು. ಉಳಿದದ್ದು ಎರಡನೇ ಸಿಲಿಂಡರಿನದು.

ನಾಜಲ್ ಬದಲಾಯಿಸಿದರೂ ದೋಷ ಅದೇ ಸಿಲಿಂಡರಿನಲ್ಲಿ ಉಳಿದರೆ ‘ನಾಜಲ್ ಅಲ್ಲ, ಆದ್ದರಿಂದ ಕಂಪ್ರೆಷನ್’ ಎನ್ನುವುದು ಅವಸರದ ತೀರ್ಮಾನ. ನಾಜಲ್ ಜಾಗ ಬದಲಿಸಿದಾಗ ಅದರ ಜೊತೆಗೆ ಹೋಗದೆ ಸಿಲಿಂಡರಿನಲ್ಲೇ ಉಳಿದುಕೊಂಡದ್ದು ಏನೇನು? ಕಂಪ್ರೆಷನ್ ಒಂದು. ಆ ಸಿಲಿಂಡರಿನ ವೈರು ಮತ್ತು ಕನೆಕ್ಟರಿನ ಪಿನ್ನು ಇನ್ನೊಂದು. ರೈಲಿನಿಂದ ಬರುವ ಹೈ ಪ್ರೆಶರ್ ಪೈಪ್ ಮತ್ತೊಂದು. ಇವುಗಳ ಜೊತೆಗೆ ಎಲ್ಲರೂ ಮರೆಯುವಂಥದ್ದು ನಾಜಲ್ ಕೂರುವ ಗುಂಡಿ ಮತ್ತು ಅದರ ತಳದ ಸೀಟು.

ಕಂಪ್ರೆಷನ್ ಅನ್ನು ಚಿಕ್ಕಮಗಳೂರಿನ ಮಿತ್ರರು ಹೇಳಿದಂತೆ ಅಳೆಸಿ. ಕನೆಕ್ಟರ್ ಒಳಗಿನ ಪಿನ್ ಬಾಗಿದೆಯೇ, ಹಿಂದಕ್ಕೆ ಸರಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಸ್ಕ್ಯಾನರ್‌ನಿಂದ ಎರಡನೇ ಸಿಲಿಂಡರನ್ನು ಕಟ್ ಮಾಡಿದಾಗ ಎಂಜಿನ್ ಇನ್ನಷ್ಟು ಒರಟಾಗಿ, ಬಡಿತ ಮಾತ್ರ ಮಾಯವಾದರೆ, ಆ ಸಿಲಿಂಡರ್ ಪೂರ್ತಿ ಸತ್ತಿಲ್ಲ, ಉರಿಯುತ್ತಿದೆ, ಆದರೆ ಕೆಟ್ಟದಾಗಿ ಉರಿಯುತ್ತಿದೆ ಎಂದು ತಿಳಿಯಿರಿ. ಆಗ ನನ್ನ ಅನುಮಾನ ನೇರವಾಗಿ ವಾಷರ್ ಮೇಲೆ ಹೋಗುತ್ತದೆ.

ನಾಜಲ್ ತುದಿಗೂ ಹೆಡ್ಡಿನ ಸೀಟಿಗೂ ನಡುವೆ ಒಂದೇ ಒಂದು ತಾಮ್ರದ ವಾಷರ್ ಇರಬೇಕು. ಅದು ಉರಿತದ ಅನಿಲ ಮೇಲೆ ಸೋರದಂತೆ ತಡೆಯುತ್ತದೆ, ಜೊತೆಗೆ ನಾಜಲ್ ತುದಿ ಎಷ್ಟು ಕೆಳಗೆ ಇಳಿಯಬೇಕೆಂಬುದನ್ನೂ ನಿರ್ಧರಿಸುತ್ತದೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಡೀಸೆಲ್ ಪಿಸ್ಟನ್ನಿನ ತಲೆಯಲ್ಲಿರುವ ಬಟ್ಟಲಿನೊಳಗೆ ಲೆಕ್ಕ ಹಾಕಿದ ಕೋನದಲ್ಲಿ ಬೀಳಬೇಕು. ನಾಜಲ್ ಒಂದು ಮಿಲಿಮೀಟರ್ ಮೇಲೆ ನಿಂತರೂ ಆ ತುಂತುರು ಬಟ್ಟಲಿನ ಅಂಚಿಗೋ ಹೆಡ್ಡಿನ ತಳಕ್ಕೋ ಬಡಿದು, ಸರಿಯಾಗಿ ಗಾಳಿಯೊಂದಿಗೆ ಬೆರೆಯದೆ, ಸ್ವಲ್ಪ ತಡವಾಗಿ ಒಮ್ಮೆಲೇ ಉರಿಯುತ್ತದೆ, ಅದೇ ಬಡಿತ. ಉರಿಯದೆ ಉಳಿದದ್ದು ಬಿಳಿ ಹೊಗೆ. ತಣ್ಣಗಿರುವಾಗ ಇದು ಹೆಚ್ಚು, ಬಿಸಿಯಾದಾಗ ಕಡಿಮೆ. ನಿಮ್ಮ ಲಕ್ಷಣಗಳೆಲ್ಲ ಇದಕ್ಕೆ ಹೊಂದುತ್ತವೆ.

ವಾಷರ್ ಎರಡಾಗುವುದು ಹೇಗೆಂದರೆ, ನಾಜಲ್ ಎಳೆದಾಗ ಹಳೆಯ ವಾಷರ್ ಅದರ ಜೊತೆ ಬರದೆ ಗುಂಡಿಯ ತಳದಲ್ಲೇ ಅಂಟಿಕೊಂಡು ಉಳಿಯುತ್ತದೆ. ಮಸಿ ಹಿಡಿದು ಕಪ್ಪಾಗಿರುವುದರಿಂದ ಮೇಲಿನಿಂದ ಬಗ್ಗಿ ನೋಡಿದರೆ ಅದೇ ಸೀಟು ಎನ್ನಿಸುತ್ತದೆ. ಹೆಡ್ ಲೇಥ್‌ಗೆ ಹೋಗಿ ಬಂದಿದ್ದರೂ ಅಡಿಯಿಂದ ಕಾಣುವುದು ನಾಜಲ್ ತುದಿ ಹೊರಬರುವ ಸಣ್ಣ ತೂತು ಮಾತ್ರ, ವಾಷರ್ ಕಾಣುವುದಿಲ್ಲ. ಅದರ ಮೇಲೆ ಹೊಸ ವಾಷರ್ ಹಾಕಿ ಕೂರಿಸಿಬಿಡುತ್ತಾರೆ. ನೀವು ನಾಜಲ್ ಅದಲು ಬದಲು ಮಾಡಿದಾಗಲೂ ಅದು ಅಲ್ಲೇ ಕುಳಿತಿರುತ್ತದೆ, ಹಾಗಾಗಿ ದೋಷವೂ ಅಲ್ಲೇ ಉಳಿಯುತ್ತದೆ.

ನೋಡುವ ವಿಧಾನ ಸುಲಭ. ಎರಡನೇ ನಾಜಲ್ ಮತ್ತು ಪಕ್ಕದ ಒಂದನೇ ನಾಜಲ್ ಎರಡನ್ನೂ ತೆಗೆದು, ಹೆಡ್ಡಿನ ಮೇಲ್ಭಾಗದ ಒಂದೇ ಮಟ್ಟದಿಂದ ತೆಳುವಾದ ಕಡ್ಡಿ ಇಳಿಸಿ ಸೀಟಿನ ಆಳ ಅಳೆಯಿರಿ. ಅಂತರ ಒಂದು ವಾಷರಿನ ದಪ್ಪದಷ್ಟು ಬಂದರೆ ಉತ್ತರ ಸಿಕ್ಕಿತು. ಅಂಟಿದ ವಾಷರನ್ನು ಕೊಕ್ಕೆಯಿಂದ ನಿಧಾನವಾಗಿ ಎಬ್ಬಿಸಬೇಕು. ಸ್ಕ್ರೂ ಡ್ರೈವರ್ ಇಟ್ಟು ಹೊಡೆದರೆ ಸೀಟಿಗೆ ಗೀರು ಬಿದ್ದು ಆಮೇಲೆ ಸೀಟ್ ಕಟರ್ ಹಾಕಿಸಬೇಕಾಗುತ್ತದೆ. ಮಸಿಯ ಚೂರು ಸಿಲಿಂಡರಿನೊಳಗೆ ಬೀಳದಂತೆ ಮೊದಲು ಆ ಸಣ್ಣ ತೂತಿಗೆ ಗ್ರೀಸ್ ಸವರಿದ ಬಟ್ಟೆಯ ತುಂಡು ಇಟ್ಟು, ಕೆಲಸವಾದ ಮೇಲೆ ಮರೆಯದೆ ತೆಗೆಯಬೇಕು. ಕೂರಿಸುವಾಗ ಹೊಸ ವಾಷರನ್ನೇ ಹಾಕಿ, ಕ್ಲಾಂಪ್ ಬೋಲ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿಸಿ. ಹೈ ಪ್ರೆಶರ್ ಪೈಪಿನ ತುದಿಗಳನ್ನು ಬಿಚ್ಚಿದ ಕ್ಷಣವೇ ಸ್ವಚ್ಛವಾದ ಮುಚ್ಚಳ ಹಾಕಿಡಿ. ಕಣ್ಣಿಗೆ ಕಾಣದ ಕಸವೂ ನಾಜಲ್‌ಗೆ ಸಾಕು.

ಬಯಲುಸೀಮೆ, ಚಿತ್ರದುರ್ಗ

ಪಂಪ್‌ರೂಮ್ ಅವರ ವಿವರಣೆಗೆ ಒಂದು ಸಣ್ಣ ಸೇರ್ಪಡೆ. ವಾಷರ್ ಎರಡಾಗದೆ, ಒಂದೇ ಇದ್ದು ಸರಿಯಾಗಿ ಕೂರದಿದ್ದರೆ ನಾಜಲ್ ಬುಡದಲ್ಲಿ ‘ಚುಫ್ ಚುಫ್’ ಎಂದು ಗಾಳಿ ಬರುವ ಶಬ್ದವೂ, ಕೆಲವು ದಿನಗಳಲ್ಲಿ ಡಾಂಬರಿನಂಥ ಕಪ್ಪು ಮಡ್ಡಿಯೂ ಕಾಣುತ್ತದೆ. ಬಿಚ್ಚುವ ಮೊದಲು ನಾಜಲ್ ಬುಡದ ಸುತ್ತ ಸ್ವಲ್ಪ ಡೀಸೆಲ್ ಹನಿಸಿ, ಐಡ್ಲಿಂಗ್‌ನಲ್ಲಿ ಗುಳ್ಳೆ ಏಳುತ್ತದೆಯೇ ನೋಡಿ.

ತುಂಗಾತೀರ, ಶಿವಮೊಗ್ಗ

ಕಂಪ್ರೆಷನ್ ಅಳೆಸಿದೆ. ಒಂದರಿಂದ ನಾಲ್ಕರವರೆಗೆ ಕ್ರಮವಾಗಿ 360, 355, 365, 355 ಪಿಎಸ್‌ಐ. ಹೆಡ್ ಇಳಿಸುವ ಮಾತು ಅಲ್ಲಿಗೇ ನಿಂತಿತು. ಎರಡನೇ ಸಿಲಿಂಡರ್ ಕಟ್ ಮಾಡಿದಾಗ ಪಂಪ್‌ರೂಮ್ ಅವರು ಹೇಳಿದಂತೆಯೇ ನಡುಕ ಹೆಚ್ಚಿ ಬಡಿತ ನಿಂತಿತು. ನಾಜಲ್ ಬುಡದಲ್ಲಿ ಗುಳ್ಳೆ ಏಳಲಿಲ್ಲ.

ಎರಡನೇ ನಾಜಲ್ ತೆಗೆದು ಕಡ್ಡಿ ಇಳಿಸಿದೆವು. ಒಂದನೆಯದಕ್ಕೂ ಅದಕ್ಕೂ ಆಳದಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಅಂತರವಿತ್ತು. ಕೊಕ್ಕೆ ಹಾಕಿದ ಮೇಲೆ ಕಪ್ಪಾದ ಹಳೆಯ ವಾಷರ್ ಹೊರಬಂತು, ಒಂದು ಬದಿ ಚಪ್ಪಟೆಯಾಗಿ ಅಂಚಿನಲ್ಲಿ ಮಾತ್ರ ತಾಮ್ರದ ಬಣ್ಣ ಉಳಿದಿತ್ತು. ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ಉಳಿದ ಮೂರು ಗುಂಡಿಗಳನ್ನೂ ತಾವಾಗಿಯೇ ತೆಗೆದು ಪರೀಕ್ಷಿಸಿದರು. ಅವುಗಳಲ್ಲಿ ಏನೂ ಇರಲಿಲ್ಲ. ನಾಲ್ಕಕ್ಕೂ ಹೊಸ ವಾಷರ್ ಹಾಕಿ, ನಾಜಲ್‌ಗಳನ್ನು ಮೂಲ ಕ್ರಮದಲ್ಲಿ ಕೂರಿಸಿ, ಸಂಕೇತ ಬರೆಸಿದೆವು. ಈ ಬಾರಿಯ ಕೂಲಿಯನ್ನು ಅವರು ತೆಗೆದುಕೊಳ್ಳಲಿಲ್ಲ.

ಈಗ ನಾಲ್ಕೂ ಸಿಲಿಂಡರ್‌ಗಳ ಕರೆಕ್ಷನ್ ಪ್ಲಸ್ ಮೈನಸ್ 0.7ರ ಒಳಗಿದೆ. ಬಡಿತವಿಲ್ಲ, ಬೆಳಗಿನ ಹೊಗೆ ಇಲ್ಲ. ಇನ್ನು ಮುಂದೆ ಏನಾದರೂ ಗಮನಿಸಬೇಕಾದುದಿದೆಯೇ?

ಪಂಪ್‌ರೂಮ್, ಹುಬ್ಬಳ್ಳಿ

ಸಂತೋಷ. ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ಮೇಲಿನ ಗುರುತನ್ನು ದಾಟಿದೆಯೇ, ಡೀಸೆಲ್ ವಾಸನೆ ಇದೆಯೇ ಎಂದು ಇವತ್ತೇ ನೋಡಿ. ಎರಡನೇ ಸಿಲಿಂಡರಿನಲ್ಲಿ ಇಷ್ಟು ಕಾಲ ಉರಿಯದೆ ಉಳಿದ ಡೀಸೆಲ್ ಗೋಡೆಗುಂಟ ಇಳಿದು ಎಂಜಿನ್ ಅಡಿಯ ಆಯಿಲ್ ಸಂಪ್‌ಗೆ ಸೇರಿರುವ ಸಾಧ್ಯತೆಯಿದೆ. ಹಾಗಿದ್ದರೆ ಆಯಿಲ್ ತೆಳುವಾಗಿ ಟರ್ಬೋ ಮತ್ತು ಹೊಸ ಚೈನ್ ಎರಡಕ್ಕೂ ಕೇಡು. ಹಾಕಿದ್ದು ಹೊಸ ಆಯಿಲ್ ಎಂದು ನೋಡದೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾಯಿಸಿಬಿಡಿ. ಮುಂದಿನ ಸಾವಿರ ಕಿಲೋಮೀಟರ್‌ನೊಳಗೆ ಒಮ್ಮೆ ಕವರ್ ತೆಗೆದು ನಾಜಲ್ ಬುಡಗಳಲ್ಲಿ ಮಸಿ ಕಾಣುತ್ತದೆಯೇ ನೋಡಿ, ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟವನ್ನೂ ಪರೀಕ್ಷಿಸಿ. ನಾಲ್ಕೂ ನಾಜಲ್ ಸಂಕೇತಗಳ ಫೋಟೋವನ್ನು ಸಿಲಿಂಡರ್ ಸಂಖ್ಯೆ ಬರೆದು ಗಾಡಿಯ ದಾಖಲೆಗಳ ಜೊತೆ ಇಟ್ಟುಕೊಂಡಿರಿ, ಮುಂದೆ ಯಾರು ಬಿಚ್ಚಿದರೂ ಬೇಕಾಗುತ್ತದೆ.